ಮೂರು ಕಟ್ಟು ಎಲೆ, ಒಂದು ಪೆಂಟಿ ಬೆಲ್ಲ

ಹೊಸ ಇಸ್ಪೀಟು ಕಟ್ಟಿನ ಮೇಲಿನ ತೆಳ್ಳನೆಯ ಪ್ಲಾಸ್ಟಿಕ್ ಹರಿದಾಗ ಒಂದು ವಾಸನೆ ಬರುತ್ತದೆ, ನೀವೂ ಮೂಸಿರುತ್ತೀರಿ. ಜೂನ್ ತಿಂಗಳಲ್ಲಿ ಹೊಸ ಪಠ್ಯಪುಸ್ತಕ ತೆರೆದಾಗ ಬರುವುದೂ ಅದೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಜನ್ಮವಿಡೀ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಆ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ಕೈ ತಾನಾಗಿ ಸೀಮೆಸುಣ್ಣ ಹುಡುಕುತ್ತದೆ. ಮೊನ್ನೆ ರವಿವಾರ ಮಧ್ಯಾಹ್ನ ರಾಮತೀರ್ಥ ನಗರದ ನನ್ನ ಮನೆಯ ಊಟದ ಮೇಜಿನ ಮೇಲೆ ಆ ವಾಸನೆಗೆ ಇನ್ನೊಂದು ಬೆರೆತಿತ್ತು. ಅದು ಬೆಲ್ಲದ್ದು. ಮೇಜಿನ ಈ ತುದಿಯಲ್ಲಿ ನನ್ನ ತಂಗಿಯ ಮಗಳು ಸಮೀಕ್ಷಾ ಭವಿಷ್ಯ ಹೇಳುವ ಟ್ಯಾರೋ ಎಲೆಗಳ ಮೂರು ಕಟ್ಟುಗಳನ್ನು ಬಿಚ್ಚುತ್ತಿದ್ದಳು. ಆ ತುದಿಯಲ್ಲಿ ನೀರು ತುಂಬಿದ ತಾಟು, ತಾಟಿನ ನಡುವೆ ಬೋರಲು ಹಾಕಿದ ಬಟ್ಟಲು, ಬಟ್ಟಲಿನ ಮೇಲೆ ಒಡೆಯದ ಇಡೀ ಒಂದು ಪೆಂಟಿ ಬೆಲ್ಲ, ಸುತ್ತ ಖಂದಕವಿರುವ ನಮ್ಮ ಬೆಳಗಾವಿ ಕೋಟೆಯ ಹಾಗೆ ಕೂತಿತ್ತು. ಖಂದಕ ಇರುವೆಗಳ ಸಲುವಾಗಿ. ಜೈನರ ಮನೆಯಲ್ಲಿ ಇರುವೆಯನ್ನು ಕೊಲ್ಲುವ ಹಾಗಿಲ್ಲ, ಬಾರದ ಹಾಗೆ ನೋಡಿಕೊಳ್ಳಬಹುದು ಅಷ್ಟೇ.

ಸಮೀಕ್ಷಾ ಹಲ್ಲಿನ ಡಾಕ್ಟರು. ವಾರವಿಡೀ ಜನರ ಬಾಯೊಳಗೆ ಇಣುಕಿ ನೋಡುವವಳಿಗೆ ಈಗ ಅವರ ಭವಿಷ್ಯದೊಳಗೂ ಇಣುಕುವ ಹುಕಿ ಬಂದಿದೆ. ರವಿವಾರಕ್ಕೊಮ್ಮೆ ಟ್ಯಾರೋ ಓದುವುದು ಎಂದು ನಿರ್ಧರಿಸಿ ಮೂರು ಕಟ್ಟು ತರಿಸಿದ್ದಾಳೆ. ಮೂರೂ ಪೇಗನ್ ಕಟ್ಟುಗಳೇ. ಒಂದನ್ನು ಇಟ್ಟುಕೊಂಡು ಎರಡನ್ನು ಮರುದಿನ ಕೊರಿಯರಿನವರು ಬಂದಾಗ ವಾಪಸ್ ಕೊಡಬೇಕು. ಯಾವುದು ಒಳ್ಳೆಯದು ಎಂದು ಪರೀಕ್ಷಿಸಲು ಅವಳಿಗೊಬ್ಬ ಗಿರಾಕಿ ಬೇಕಿತ್ತು. ಮನೆಯಲ್ಲಿ ನನ್ನನ್ನು ಬಿಟ್ಟರೆ ಇರುವೆಗಳು.

“ಪೇಗನ್ ಅಂದ್ರ ಏನವಾ?” ಎಂದೆ.

“ಹಳೇ ಕಾಲದ ಮಂದಿ, ಮಾಂವಶಿ. ಗಿಡ, ಕಲ್ಲು, ಹಾವು, ಚಂದ್ರ ಎಲ್ಲಾ ದೇವರಂತ ಪೂಜಿ ಮಾಡವರು. ಯುರೋಪದಾಗ ಇದ್ರು. ನಡುವ ಎಲ್ಲಾ ಮರತ ಹೋಗಿತ್ತು. ಈಗ ಮತ್ತ ಹುಡುಕಾಕತ್ತಾರ.”

“ಹುಡುಕೂದ್ಯಾಕ? ಅವರನ್ನ ಖಾನಾಪುರ ಬಸ್ ಹತ್ತಸು. ಆ ದೇವರೆಲ್ಲಾರೂ ಅಲ್ಲೇ ಅದಾರ.”

ಅವಳು ನಗಲಿಲ್ಲ. ಭವಿಷ್ಯ ಹೇಳುವವರು ನಗಬಾರದು ಎಂದು ಕಟ್ಟುಗಳ ಜೊತೆ ಬಂದ ಪುಸ್ತಿಕೆಯಲ್ಲಿ ಬರೆದಿರಬೇಕು. ಬದಲಿಗೆ ಒಂದು ಒಣಸೊಪ್ಪಿನ ಕಂತೆಗೆ ಕಡ್ಡಿ ಗೀರಿ ಹೊಗೆ ಎಬ್ಬಿಸಿದಳು. ಇದು ಮನೆಯ ಗಾಳಿಯನ್ನು ಶುದ್ಧ ಮಾಡುತ್ತದಂತೆ. ಗಾಳಿಯೇನೋ ಶುದ್ಧವಾಯಿತು, ನಾವಿಬ್ಬರೂ ಕೆಮ್ಮುತ್ತ ಕಿಟಕಿ ತೆರೆದೆವು.

“ಮನಸಿನ್ಯಾಗ ಒಂದ ಪ್ರಶ್ನೆ ಇಟಗೋ. ನಂಗ ಹೇಳಬ್ಯಾಡ. ಮೂರೂ ಕಟ್ಟಿಗೂ ಅದನ್ನ ಕೇಳೂಣು,” ಎಂದಳು.

ಅವಳಿಗೆ ಹೇಳದಿದ್ದರೂ ನಿಮಗೆ ಹೇಳಲು ಅಡ್ಡಿಯಿಲ್ಲ. ನನ್ನ ಪ್ರಶ್ನೆ ಆ ಬೆಲ್ಲದ ಪೆಂಟಿಯೇ.

ಈರಣ್ಣ ಸಾಹುಕಾರರು ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರಿ. ಊರಿಗೆಲ್ಲ ಬೆಲ್ಲ ತಿನ್ನಿಸಿದವರಿಗೆ ಸ್ವತಃ ಸಕ್ಕರೆ ಕಾಯಿಲೆ. ಅದಕ್ಕೇ ಡಾಕ್ಟರು ಅವರನ್ನು ದಿನಾ ಬೆಳಿಗ್ಗೆ ಕೋಟೆ ಸುತ್ತಲು ಹಚ್ಚಿದ್ದಾರೆ. ನಾನು ಅಲ್ಲಿನ ಕಮಲ ಬಸದಿಗೆ ಹೋಗುತ್ತೇನೆ. ಹೀಗೆ ಒಬ್ಬರು ರೋಗದ ದಾರಿಯಿಂದ, ಒಬ್ಬರು ಧರ್ಮದ ದಾರಿಯಿಂದ ಬಂದು ಒಂದೇ ಕಲ್ಲುಬೆಂಚಿಗೆ ತಲುಪಿದೆವು. ಮೊದಲ ದಿನ ಅವರು ಕೇಳಿದ್ದು, “ಬಾಯಾರ, ಈ ಖಂದಕಕ್ಕ ನೀರ ಎಲ್ಲಿಂದ ಬರತೈತ್ರಿ?” ಎಂದು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಬಾಯಾರು ಎನ್ನುತ್ತಾರೆ. ಭೂಗೋಳದ ಬಾಯಾರಿಗೆ ನೀರಿನ ಪ್ರಶ್ನೆ ಕೇಳಬಾರದು. ಅವತ್ತು ಅವರ ವಾಕಿಂಗ್ ಅಲ್ಲಿಗೇ ನಿಂತಿತು, ಎದ್ದಾಗ ಬಿಸಿಲು ಏರಿತ್ತು. ಆಮೇಲೆ ದಿನಾ ಒಂದೊಂದು ಪ್ರಶ್ನೆ ತರುತ್ತಿದ್ದರು. ಈ ರವಿವಾರದ ಹಿಂದಿನ ಗುರುವಾರ ಮಾತ್ರ ಪ್ರಶ್ನೆಯ ಬದಲು ಚೀಲದಲ್ಲಿ ಬೆಲ್ಲ ತಂದಿದ್ದರು.

“ನಂಗ ಸುತ್ತಿ ಬಳಸಿ ಹೇಳಾಕ ಬರೂದಿಲ್ರಿ ಬಾಯಾರ. ಹೆಂಡ್ತಿ ಹೋಗಿ ಭಾಳ ವರ್ಷ ಆತು. ನೀವೂ ಒಬ್ಬರ ಅದೀರಿ, ನಾನೂ ಒಬ್ಬನ ಅದೀನಿ. ಲಗ್ನ ಮಾಡಕೊಳ್ಳೂಣು ಅನಸ್ತೈತಿ. ಇದನ್ನ ಇಟಗೋರಿ. ಒಪ್ಪಿಗಿ ಇದ್ರ ಒಡೀರಿ. ಇಲ್ಲಂದ್ರ ಸೋಮವಾರ ಮುಂಜಾನೆ ಹಂಗ ವಾಪಸ್ ತಂದ ಕೊಡ್ರಿ. ನಾ ಏನೂ ಕೇಳೂದಿಲ್ಲ, ಮತ್ತ ಖಂದಕದ ನೀರಿನ ಮಾತ ಆಡೂಣು.”

ಲೋಕದಲ್ಲಿ ಗಂಡಸರು ಹೂ ಕೊಡುತ್ತಾರೆ, ಉಂಗುರ ಕೊಡುತ್ತಾರೆ. ನನ್ನ ಪಾಲಿಗೆ ಬಂದದ್ದು ತಾನು ತಿನ್ನುವಂತಿಲ್ಲದ ವಸ್ತುವನ್ನು ಮಾರುವ ಗೃಹಸ್ಥ, ಅವನ ಅಂಗಡಿಯ ಸ್ಯಾಂಪಲ್ಲು. ಅದರ ಮೇಲೆ ಅವರು ನಾವು ಜೈನರು ಮುಟ್ಟದ ಉಳ್ಳಾಗಡ್ಡಿ, ಬಟಾಟಿ ತಿನ್ನುವ ಮನೆಯವರು. ಈ ವಯಸ್ಸಿನಲ್ಲಿ ಇದೇನು ಎಂದು ಬಸದಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾರೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ಆದರೂ ಆ ಬೆಲ್ಲವನ್ನು ಎದೆಗೆ ಒತ್ತಿ ಹಿಡಿದು ರಿಕ್ಷಾದಲ್ಲಿ ಮನೆಗೆ ತಂದೆ. ಖುಷಿಯಾಗಿತ್ತು. ಅದಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು. ಗುರುವಾರದಿಂದ ರವಿವಾರದವರೆಗೆ ನಾನು ಮಾಡಿದ ಕೆಲಸವೆಂದರೆ ತಾಟಿನ ನೀರು ಬದಲಿಸಿದ್ದು.

ಮೊದಲ ಕಟ್ಟು ಕಾಡುದೇವರದ್ದು. ಎಲೆಗಳು ಅಂಗೈಗಿಂತ ದೊಡ್ಡವು, ಕಲೆಸಲು ಹೋದರೆ ಚಪಾತಿಯ ಹಾಗೆ ಜಾರುತ್ತಿದ್ದವು. ಚಿತ್ರಗಳಲ್ಲಿ ಎಲ್ಲರಿಗೂ ಕೊಂಬು. ಮುಖ್ಯ ದೇವರ ಕೊಂಬಿನ ಮೇಲೆ ಎರಡು ಸೀರೆ ಒಣಹಾಕಬಹುದು. ಮುಖದ ತುಂಬ ಗಡ್ಡದ ಬದಲು ಸೊಪ್ಪು ಬೆಳೆದ ಒಬ್ಬ ಮಹಾಶಯನೂ ಇದ್ದ. ಖಾನಾಪುರದ ಹಾದಿಬದಿಯಲ್ಲಿ ಕುಂಕುಮ ಬಳಿಸಿಕೊಂಡು ಮಳೆಯಲ್ಲಿ ನೆನೆಯುತ್ತ ಕೂತ ಕಲ್ಲಿಗೆ ಇಷ್ಟು ಅಲಂಕಾರ ಯಾರೂ ಮಾಡಿಲ್ಲ, ಪಾಪ. ಪುಸ್ತಿಕೆ ತೆರೆದರೆ, ಈ ಕಟ್ಟು ನಿಸರ್ಗದ ಸಂಪರ್ಕ ಕಡಿದುಹೋದವರಿಗಾಗಿ ಎಂದಿತ್ತು. ನನ್ನ ಸಂಪರ್ಕ ಚೆನ್ನಾಗಿಯೇ ಇದೆ. ನಿಸರ್ಗ ದಿನಾ ತಾಟಿನ ಅಂಚಿಗೆ ಬಂದು ಸಾಲು ಹಚ್ಚಿ ನಿಲ್ಲುತ್ತದೆ.

ಪ್ರಶ್ನೆ ಮನಸ್ಸಿನಲ್ಲಿಟ್ಟು ಎಲೆ ತೆಗೆದೆ. ಕಂದೀಲು ಹಿಡಿದು ಒಬ್ಬನೇ ನಿಂತ ಮುದುಕ.

“ಏಕಾಂತ,” ಎಂದಳು ಸಮೀಕ್ಷಾ ದನಿ ತಗ್ಗಿಸಿ. “ಒಳಗಿನ ಬೆಳಕು ಹುಡುಕಾಕತ್ತಾನ.”

“ಅಲ್ಲ, ಕರೆಂಟ್ ಹೋಗೇತಿ. ಮುಂದಿಂದ ತೋರಸು.”

ಎರಡನೆಯದು ಚಂದ್ರದೇವಿಯರ ಕಟ್ಟು, ಅಂಚಿಗೆಲ್ಲ ಬೆಳ್ಳಿ ಬಣ್ಣ. ತೆಳು ಬಟ್ಟೆಯ ದೇವಿಯರು ಹಿಮದಲ್ಲಿ, ಬರಿಗಾಲಲ್ಲಿ, ದೂರ ನೋಡುತ್ತ ನಿಂತಿದ್ದರು. ಆಷಾಢದ ಖಾನಾಪುರದಲ್ಲಿ ಅರ್ಧ ತಾಸು ನಿಲ್ಲಿಸಿದರೆ ಇವರಿಗೆ ಕಷಾಯ ಕುದಿಸಬೇಕಾಗುತ್ತದೆ. ಒಬ್ಬಳ ಮುಖದಲ್ಲೂ ಒಂದು ಮನೆ ನಡೆಸಿದ ಲಕ್ಷಣವಿಲ್ಲ. ದೇವಿ ಎಂದರೆ ನನಗೆ ಗೊತ್ತಿರುವವಳು ಗೇಣುದ್ದದ ಹಿತ್ತಾಳೆಯವಳು. ಖಾನಾಪುರದಲ್ಲಿ ನನ್ನ ಆತ್ಯಾನ ಮನೆಯ ಪದ್ಮಾವತಿ. ಅವಳು ದೂರ ನೋಡುತ್ತ ನಿಂತವಳಲ್ಲ. ಆತ್ಯಾ ಅವಳನ್ನು ಅಷ್ಟು ಬಿಡುವಾಗಿ ಇಟ್ಟಿರಲೇ ಇಲ್ಲ.

ಚಂಪಾ ಆತ್ಯಾ ಎಂದರೆ ನನ್ನ ಅಪ್ಪನ ಅಕ್ಕ. ರೈಲು ಹಳಿಗೆ ಬೆನ್ನು ಮಾಡಿ ಕೂತಿದ್ದ ಮನೆ ಅವಳದು, ಗಾಡಿ ಹೋದರೆ ಪಾತ್ರೆಗಳೆಲ್ಲ ಒಂದಕ್ಕೊಂದು ಮಾತಾಡುತ್ತಿದ್ದವು. ನಮ್ಮ ಬಳಗದಲ್ಲಿ ಯಾರಿಗೆ ಏನು ನಿರ್ಧರಿಸಬೇಕಾದರೂ ಅಲ್ಲಿಗೆ ಬಂದು ದೇವಿಗೆ ಹೂ ಕೇಳುತ್ತಿದ್ದರು. ದೇವಿಯ ಎರಡೂ ಹೆಗಲ ಮೇಲೆ ಒಂದೊಂದು ಒದ್ದೆ ಹೂ ಇಟ್ಟು ಎಲ್ಲರೂ ಕೈಮುಗಿದು ಕೂಡುವುದು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಹೂ ಇಡುವ ಅಧಿಕಾರ ಮಾತ್ರ ಆತ್ಯಾನದು. ಬೆಳಗಾವಿಯಿಂದ ವಕೀಲರು, ಡಾಕ್ಟರುಗಳೂ ಬಂದು ಚಾಪೆಯ ಮೇಲೆ ಕೂತು ಆ ಹೂಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಸಣ್ಣವಳಿದ್ದಾಗ ರಜೆಯಲ್ಲಿ ಅಲ್ಲಿ ಗಂಧ ತೇಯುವ ಕೆಲಸ ನನ್ನದು. ಒಂದು ದಿನ ನೋಡಿಬಿಟ್ಟೆ. ಬೀಳಬೇಕಾದ ಹೂವನ್ನು ಆತ್ಯಾ ಬರೀ ನೀರಲ್ಲಿ ಅದ್ದುತ್ತಿದ್ದಳು. ಬೀಳಬಾರದ ಹೂವಿನ ಬೆನ್ನಿಗೆ ನಾನು ತೇಯ್ದ ಗಂಧವನ್ನು ತೆಳ್ಳಗೆ ಸವರಿ ಅಂಟಿಸುತ್ತಿದ್ದಳು. ಆಮೇಲೆ ಭಕ್ತಿಯಿಂದ ಕಣ್ಣು ಮುಚ್ಚಿ ಗಾಡಿಗಾಗಿ ಕಾಯುತ್ತಿದ್ದಳು. ಗಾಡಿ ಬಂದು ಮನೆ ನಡುಗಿದೊಡನೆ ದೇವಿಯ ಅಪ್ಪಣೆ ಆಗುತ್ತಿತ್ತು. ಇಡೀ ಖಾನಾಪುರದಲ್ಲಿ ರೈಲಿನ ವೇಳೆ ಸ್ಟೇಶನ್ ಮಾಸ್ತರರನ್ನು ಬಿಟ್ಟರೆ ಅವಳಿಗೇ ಗೊತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ತುಂಡು ಕೊಬ್ಬರಿ ಬಾಯಿಗೆ ತುರುಕಿದಳು. “ದೇವಿಗಿ ಭಾಳ ಕೆಲಸ ಇರ್ತಾವ ಅವ್ವಿ. ಸಣ್ಣ ಪುಟ್ಟವನ್ನ ನಾವ ಮಾಡಿ ಕೊಡಬೇಕು.”

ಅವಳು ಮಾಡಿಕೊಟ್ಟ ಸಣ್ಣ ಪುಟ್ಟವುಗಳಲ್ಲಿ ಒಳ್ಳೆಯವೂ ಇದ್ದವು. ಬಾಜು ಮನೆಯ ಅತ್ತೆ ಬಸುರಿ ಸೊಸೆಯನ್ನು ತವರಿಗೆ ಕಳಿಸಲು ಒಪ್ಪದಿದ್ದಾಗ ದೇವಿ ತಕ್ಷಣ ಬಲಕ್ಕೆ ಹೂ ಕೊಟ್ಟು ಕಳಿಸಿಬಿಟ್ಟಳು. ಆತ್ಯಾನ ಗಂಡ, ನಮ್ಮ ಮಾಮಾ, ಪ್ರತಿ ದೀಪಾವಳಿಗೆ ಮೋಟರ್ ಸೈಕಲ್ ತಗೊಳ್ಳಲೇ ಎಂದು ಹೂ ಕೇಳುತ್ತಿದ್ದರು. ಪ್ರತಿ ದೀಪಾವಳಿಗೆ ಎಡಗಡೆಯದೇ ಬೀಳುತ್ತಿತ್ತು. ದೇವಿಗೆ ಮೋಟರ್ ಸೈಕಲ್ ಮೇಲೆ ಏನು ಸಿಟ್ಟು ಎಂದು ಆ ಪುಣ್ಯಾತ್ಮ ಕೊನೆಯವರೆಗೂ ಸೈಕಲ್ ತುಳಿಯುತ್ತ ಯೋಚಿಸಿದರು. ನನಗೆ ಗೊತ್ತಿತ್ತು, ಹೇಳಲಿಲ್ಲ. ಕೊಬ್ಬರಿ ತಿಂದ ಬಾಯಿ.

ನನ್ನ ಡಿಗ್ರಿ ಮುಗಿದ ವರ್ಷ ನಿಪ್ಪಾಣಿಯಿಂದ ಒಬ್ಬ ಹುಡುಗ ನನ್ನನ್ನು ನೋಡಲು ಬಂದ. ಅವಲಕ್ಕಿಯ ತಾಟು ಇಟ್ಟು ತಲೆ ಬಗ್ಗಿಸಿ ಕೂತರೆ, ಹಾಡು ಬರತೈತೇನು, ಅಡಿಗಿ ಬರತೈತೇನು ಎಂದು ಕೇಳಬೇಕಾದವನು, “ಭೂಗೋಳ ಓದೀರಂತ. ಖಾನಾಪುರಕ್ಕ ಇಷ್ಟ ಮಳಿ, ನಮ್ಮ ನಿಪ್ಪಾಣಿಗೆ ಅಷ್ಟ ಕಡಿಮಿ, ಯಾಕ್ರಿ?” ಎಂದ. ನಾನು ಹೇಳಿದೆ. ಗಾಳಿ, ಘಟ್ಟ, ಮೋಡ ಎಲ್ಲ ಹೇಳಿದೆ. ಅವ್ವ ಹಿಂದಿನಿಂದ ಚಿವುಟಿದರೂ ನಿಲ್ಲಿಸಲಿಲ್ಲ. ಅವನು ಅವಲಕ್ಕಿ ತಿನ್ನುವುದನ್ನು ಮರೆತು ಕೇಳಿದ. ಅವನು ನನಗೆ ಬಹಳ ಹಿಡಿಸಿದ. ಆ ರಾತ್ರಿ ನಿದ್ದೆ ಬರಲಿಲ್ಲ, ಬರಲಿ ಎಂದು ಅನ್ನಿಸಲೂ ಇಲ್ಲ.

ಎರಡೂ ಮನೆಯವರು ಖಾನಾಪುರಕ್ಕೆ ಹೂ ಕೇಳಲು ಹೋದೆವು. ಚಾಪೆ ತುಂಬ ಜನ. ಆತ್ಯಾ ಹೂ ಇಟ್ಟಳು, ಕಣ್ಣು ಮುಚ್ಚಿದಳು. ಗಾಡಿ ಬರಲು ಇನ್ನೂ ಹೊತ್ತಿತ್ತು. ಮನೆ ನಡುಗಲಿಲ್ಲ, ಪಾತ್ರೆ ಸದ್ದು ಮಾಡಲಿಲ್ಲ. ಎಡಗಡೆಯ ಹೂ ಮೆಲ್ಲಗೆ ಜಾರಿ ಕೆಳಗೆ ಬಿತ್ತು.

“ದೇವಿ ಬ್ಯಾಡ ಅಂದಮ್ಯಾಗ ಮುಗೀತು,” ಎಂದರು ಅಪ್ಪ. ನಿಪ್ಪಾಣಿಯವರು ಕೈಮುಗಿದು ಎದ್ದರು. ನಾನು ಆತ್ಯಾನ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಹುಡುಗಿ ಮೊದಲು ತನ್ನ ಕಾಲ ಮೇಲೆ ನಿಲ್ಲಬೇಕು, ಲಗ್ನಕ್ಕೆ ಏನವಸರ ಎಂದು ಅವಳು ಹೇಳಿದ್ದು ನೆನಪಿತ್ತು. ಮಾಮಾನ ಮೋಟರ್ ಸೈಕಲ್ಲಿನ ಪಕ್ಕದಲ್ಲಿ ನನ್ನ ಲಗ್ನವನ್ನೂ ನಿಲ್ಲಿಸಿದಳು ಎಂದುಕೊಂಡೆ. ಆಮೇಲೆ ವರ್ಷಗಟ್ಟಲೆ ಖಾನಾಪುರದ ಕಡೆ ಹಾಯಲಿಲ್ಲ. ನಕಾಶೆಯಲ್ಲಿ ಮಕ್ಕಳಿಗೆ ಪಶ್ಚಿಮ ಘಟ್ಟ ತೋರಿಸುವಾಗಲೂ ಕೋಲನ್ನು ಆ ಊರಿನ ಮೇಲಿಂದ ಬೇಗ ದಾಟಿಸುತ್ತಿದ್ದೆ. ಬೇರೆ ಸಂಬಂಧಗಳು ಬಂದವು, ನಾನೇ ಬೇಡವೆಂದೆ. ಯಾರೂ ಮಳೆಯ ಬಗ್ಗೆ ಕೇಳಲಿಲ್ಲ.

“ಮಾಂವಶಿ, ಎಲ್ಲಿ ಹೋದಿ? ಎಲಿ ತಗಿ,” ಎಂದಳು ಸಮೀಕ್ಷಾ. ಬೆಳ್ಳಿ ಅಂಚಿನ ಕಟ್ಟಿನಿಂದ ಒಂದು ತೆಗೆದೆ. ಚಂದ್ರ ಬಂತು. ಗೊಂದಲ, ಮನಸ್ಸಿನ ಮೋಡ, ಹೆದರಿಕೆ ಎಂದು ಅವಳು ಓದಿದಳು. ಇಷ್ಟನ್ನು ತಿಳಿಯಲು ಬೆಳ್ಳಿ ಬಣ್ಣ ಯಾಕೆ, ನಾಲ್ಕು ದಿನದಿಂದ ತಾಟಿನ ನೀರು ಬದಲಿಸುವ ನನ್ನ ಮುಖ ನೋಡಿದ್ದರೆ ಸಾಕಿತ್ತು.

ಆತ್ಯಾನನ್ನು ಮತ್ತೆ ನೋಡಿದ್ದು ಅವಳ ಕಣ್ಣಿಗೆ ಪೊರೆ ಬಂದ ಮೇಲೆ. ಅಪ್ಪ ತೀರಿಕೊಂಡಿದ್ದರು, ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲು ನಾನೇ ಹೋಗಬೇಕಾಯಿತು. ಅವಳು ಹಿತ್ತಲಿನ ಕಟ್ಟೆಯ ಮೇಲೆ ಕೂತು, ಕಾಣದಿದ್ದರೂ ಬೆರಳಲ್ಲೇ ಮಲ್ಲಿಗೆ ಕಟ್ಟುತ್ತಿದ್ದಳು. ದನಿಯಿಂದ ನನ್ನ ಗುರುತು ಹಿಡಿದಳು. ಬಾ ಎನ್ನಲಿಲ್ಲ, ಕುಂದರು ಎನ್ನಲಿಲ್ಲ.

“ಅವತ್ತ ನಾ ಬಲಕ್ಕ ಬೀಳಲಿ ಅಂತ ಇಟ್ಟಿದ್ದೆ ಅವ್ವಿ,” ಎಂದಳು.

“ಖರೇ?”

“ಖರೇ. ಎಡಗಡಿ ಹೂವಿಗೆ ಗಂಧ ಹಚ್ಚಿದ್ದೆ. ನಿನ್ನ ಮಾರಿ ನೋಡಿದ್ದೆನಲ್ಲ, ಆ ಹುಡುಗ ನಿನಗ ಎಷ್ಟ ಬೇಕಾಗಿದ್ದ. ಎಲ್ಲಿ ಜಾರೀತೋ ಅಂತ ಮತ್ತಷ್ಟ ಹಚ್ಚಿದೆ. ಮತ್ತಷ್ಟ ಹಚ್ಚಿದೆ. ಗಂಧದ ಭಾರಕ್ಕ ಹೂ ಬಿತ್ತು.”

ಊರವರ ಹೂಗಳಿಗೆಲ್ಲ ಅಳತೆಯಾಗಿ ಗಂಧ ಸವರಿದ ಬೆರಳು ನನ್ನ ಹೂವಿಗೆ ಮಾತ್ರ ಅಳತೆ ತಪ್ಪಿತ್ತು. ಪ್ರೀತಿ ಹೆಚ್ಚಾಗಿ ಕೆಟ್ಟ ಕೆಲಸ.

“ಹೇಳಬಾರದಿತ್ತೇನ?”

“ಹೆಂಗ ಹೇಳಲಿ? ಅಷ್ಟ ಮಂದಿ ಮುಂದ, ದೇವಿದಲ್ಲ ಇದು, ನನ್ನ ಕೈ ತಪ್ಪು ಅಂತ ಹೇಳಲೇನ? ಹೂ ಎತ್ತಿ ಮತ್ತ ಹೆಗಲ ಮ್ಯಾಲ ಇಡಬೇಕಂತ ಕೈ ಮುಂದ ಮಾಡಿದ್ದೆ. ಧೈರ್ಯ ಸಾಲಲಿಲ್ಲ.” ಅವಳು ಕಟ್ಟುತ್ತಿದ್ದ ದಾರ ನಿಂತಿತು. “ನೀ ಬರ್ತಿ, ಹೇಳತೀನಿ ಅಂತ ದಾರಿ ನೋಡಿದೆ. ನೀ ಬರಲೇ ಇಲ್ಲ.”

ನಾನು ನಕ್ಕೆ. ಆಮೇಲೆ ಅಳು ಬಂತು. ಆಮೇಲೆ ಇಬ್ಬರೂ ರಿಕ್ಷಾ ಹತ್ತಿ ಕಣ್ಣು ತೋರಿಸಲು ಹೋದೆವು. ಜನ್ಮವೆಲ್ಲ ದೇವಿಯ ಹೆಸರಲ್ಲಿ ತನ್ನ ಕೆಲಸ ಸಾಧಿಸಿದ ಹೆಂಗಸು, ದೇವಿಗೆ ಸಂಬಂಧವೇ ಇಲ್ಲದ ಒಂದು ಹೂವಿನ ಮುಂದೆ ಬಾಯಿ ಮುಚ್ಚಿ ಕೂತಳಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅವಳ ಕೈ ಹಿಡಿದುಕೊಂಡೇ ಕೂತಿದ್ದೆ. ಆತ್ಯಾ ಈಗಿಲ್ಲ.

ಸಮೀಕ್ಷಾ ಮೂರನೆಯ ಕಟ್ಟು ಮುಂದೆ ತಳ್ಳಿದಳು. ಇದು ಬಡ ಕಟ್ಟು. ಬೆಳ್ಳಿಯಿಲ್ಲ, ಕೊಂಬಿನ ದೇವರಿಲ್ಲ. ಒರಟು ಕಾಗದದ ಮೇಲೆ ಮಸಿಯಲ್ಲಿ ಬರೆದ ಮೊಲ, ಕಾಗೆ, ನಾಯಿಕೊಡೆ, ಬೇರು. ಎಲೆ ಹಿಡಿದರೆ ಕೈಗೆ ಒಗ್ಗುತ್ತಿತ್ತು. ದೇವರುಗಳು ರಜೆ ಹಾಕಿ ಹೋದ ಮೇಲೆ ಉಳಿದವರು ಸಂಸಾರ ನಡೆಸುತ್ತಿರುವ ಕಾಡು ಅದು. ಬೇಗ ಮುಗಿಸು ಎಂದೆ, ನಮ್ಮಲ್ಲಿ ಹೊತ್ತು ಮುಳುಗುವ ಮೊದಲು ಊಟ ಆಗಬೇಕು. ಎಲೆ ತೆಗೆದೆ. ಎರಡು ಮುದಿ ಮೊಲಗಳು ಎದುರುಬದುರು ಕೂತು ಎರಡು ಬಟ್ಟಲು ಹಿಡಿದಿದ್ದವು, ಆದರೆ ತಲೆಕೆಳಗಾಗಿ.

“ಅಯ್ಯ, ಎಂಥಾ ಛಲೋ ಎಲಿ ಇತ್ತು ಮಾಂವಶಿ! ಇಬ್ಬರು ಕೂಡೂದು. ಆದ್ರ ಉಲ್ಟಾ ಬಂದೈತಿ. ಉಲ್ಟಾ ಬಂದ್ರ ಕೂಡೂದಿಲ್ಲ, ಬ್ಯಾಡ ಅಂತ ಅರ್ಥ.”

ನಗಬೇಡಿ. ಗಂಧದ ಗುಟ್ಟು ಗೊತ್ತಿದ್ದ ನನಗೆ, ಕೊರಿಯರಿನಲ್ಲಿ ಬಂದ ಎರಡು ಮೊಲಗಳು ಬೇಡ ಎಂದದ್ದು ದೇವಿಯ ಅಪ್ಪಣೆಯಂತೆಯೇ ಕೇಳಿಸಿತು. ಎದ್ದುಹೋಗಿ ಬೆಲ್ಲವನ್ನು ಚೀಲಕ್ಕೆ ಹಾಕಿಬಿಡೋಣ ಎಂದೂ ಅನ್ನಿಸಿತು. ಆಮೇಲೆ ಕೈ ಚಾಚಿದೆ. ಎಲೆಯನ್ನು ತಿರುಗಿಸಿ, ಮೊಲಗಳನ್ನು ಕಾಲ ಮೇಲೆ ಕೂರಿಸಿದೆ.

“ಏ, ಹಂಗ ಮಾಡಬಾರದ! ಬಂದಿದ್ದನ್ನ ಮುಟ್ಟಾಕ ಬರೂದಿಲ್ಲ.”

“ಬರತೈತಿ. ನೋಡು, ಬಂತಲ್ಲ.”

“ಮಾಂವಶಿ, ಇದಕ್ಕ ಒಂದ ಪದ್ಧತಿ ಅಂತ ಇರ್ತೈತಿ.”

“ನಮ್ಮ ಮನಿತನದಾಗೂ ಒಂದ ಪದ್ಧತಿ ಐತವಾ. ದೇವಿಗಿ ಭಾಳ ಕೆಲಸ ಇರ್ತಾವ. ಈ ಕಟ್ಟ ಇಟಗೋ, ಉಳದ ಎರಡನ್ನ ವಾಪಸ್ ಕಳಸು. ಇದ ಛಲೋ ಐತಿ, ಹಗರ ಐತಿ, ತಿರುಗಸಾಕ ಸಲೀಸು.”

ಅವಳು ಇನ್ನೂ ನನ್ನ ಮುಖ ನೋಡುತ್ತಿರುವಾಗಲೇ ಅಡುಗೆಮನೆಯಿಂದ ರುಬ್ಬುವ ಗುಂಡು ತಂದೆ. ಪೆಂಟಿಯನ್ನು ಖಂದಕದಿಂದ ಎತ್ತಿ ಮಣೆಯ ಮೇಲಿಟ್ಟು ಒಂದೇ ಏಟು ಹಾಕಿದೆ. ಒಂದು ಚೂರು ಅವಳ ಬಾಯಿಗೆ ತುರುಕಿದೆ, ಪ್ರಶ್ನೆ ಕೇಳದಿರಲಿ ಎಂದು. ಅವಳು ಹಲ್ಲಿನ ಡಾಕ್ಟರಲ್ಲವೇ, ತುಂಬಿದ ಬಾಯಿಯ ಮಾತು ಅವಳಿಗೆ ಹೊಸದಲ್ಲ, ಚೀಪುತ್ತಲೇ ಕೇಳಿದಳು. ಎಲ್ಲ ಹೇಳಿದೆ. ತಾಟಿನ ನೀರು ಚೆಲ್ಲಿ, ಅಂಚಿನಲ್ಲಿ ಕಾಯುತ್ತಿದ್ದವರಿಗೂ ಒಂದು ತುಣುಕನ್ನು ಹಿತ್ತಲ ಮೂಲೆಯಲ್ಲಿಟ್ಟೆ.

ಸೋಮವಾರ ಬೆಳಿಗ್ಗೆ ಬಸದಿಯಿಂದ ಹೊರಬಂದಾಗ ಸಾಹುಕಾರರು ಬೆಂಚಿನ ಮೇಲಿದ್ದರು. ದೂರದಿಂದಲೇ ನನ್ನ ಎರಡೂ ಖಾಲಿ ಕೈ ನೋಡಿ ಎದ್ದು ನಿಂತರು. ವ್ಯಾಪಾರದಲ್ಲಿ ಪಳಗಿದ ಮುಖ ಅದು, ಆದರೂ ಅವತ್ತು ಏನನ್ನೂ ಮುಚ್ಚಿಡಲು ಆಗಲಿಲ್ಲ.

“ಬೆಲ್ಲ ತರೂದ ಮರತಿರೇನ್ರಿ ಬಾಯಾರ?” ಎಂದು ಹೆದರಿಕೊಂಡೇ ಕೇಳಿದರು.

“ಒಡದ ಮಾಲ ನಿಮ್ಮ ಅಂಗಡಿಯಾಗ ವಾಪಸ್ ತಗೋತಾರೇನ್ರಿ?”